ಉಳಿದಿದ್ದ 4,420 ಅಡಿ

ಕೋಝಿಕ್ಕೋಡ್‌ನಲ್ಲಿ ವಿಮಾನ ಬಿದ್ದ ಮರುದಿನ ಒಂದು ವಾಟ್ಸ್‌ಆ್ಯಪ್ ಸಂದೇಶ ದೇಶವನ್ನೆಲ್ಲ ಸುತ್ತಿತು. ನನಗೂ ಬಂತು, ಒಂದೇ ದಿನದಲ್ಲಿ ಐದಾರು ಕಡೆಯಿಂದ. ಚಕ್ರಗಳು ಕೈಕೊಟ್ಟಿದ್ದವಂತೆ, ಕ್ಯಾಪ್ಟನ್ ಆಕಾಶದಲ್ಲಿ ಮೂರು ಸುತ್ತು ಹೊಡೆದು ಇಂಧನ ಖಾಲಿ ಮಾಡಿದರಂತೆ, ಎಂಜಿನ್ ಆರಿಸಿ ಹೊಟ್ಟೆಯ ಮೇಲೆ ಇಳಿಸಿದರಂತೆ, ಅದಕ್ಕೇ ಬೆಂಕಿ ಹತ್ತಲಿಲ್ಲವಂತೆ. ತಾವು ಸತ್ತು ಉಳಿದವರನ್ನು ಬದುಕಿಸಿದರಂತೆ. ಓದಿ ಕಣ್ಣು ತುಂಬಿತು. ನಾನೂ ನಾಲ್ಕು ಜನರಿಗೆ ಕಳಿಸಿದೆ.

ವರ್ಷ ಕಳೆದು 2021ರ ಸೆಪ್ಟೆಂಬರ್‌ನಲ್ಲಿ ವಿಮಾನ ಅಪಘಾತ ತನಿಖಾ ಸಂಸ್ಥೆ ಎಎಐಬಿ ತನ್ನ ವರದಿ ಪ್ರಕಟಿಸಿತು. ಅದರಲ್ಲಿ ಆ ಮೂರು ಸುತ್ತುಗಳಿಲ್ಲ. ಚಕ್ರಗಳು ಸರಿಯಾಗಿಯೇ ಇದ್ದವು, ವಿಮಾನ ಇಳಿದದ್ದು ಅವುಗಳ ಮೇಲೆಯೇ. ಬೋಯಿಂಗ್ 737 ವಿಮಾನಕ್ಕೆ ಹಾರುತ್ತಿರುವಾಗ ಇಂಧನ ಸುರಿದುಬಿಡುವ ವ್ಯವಸ್ಥೆಯೇ ಇಲ್ಲ. ಕ್ಯಾಪ್ಟನ್ ದೀಪಕ್ ವಸಂತ್ ಸಾಠೆ ಅವರ ಬಗ್ಗೆ ನಾವೆಲ್ಲ ಹಂಚಿದ ಕಥೆ ನಿಜವಲ್ಲ. ಹಾಗೆಂದು ಅವರು ಸಣ್ಣವರಾಗಲಿಲ್ಲ. ಅವರ ಬದುಕು ಅಂಥ ಕಥೆಯನ್ನು ಬೇಡುತ್ತಿರಲೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ತಿಳಿದುಕೊಳ್ಳುವುದು ಅವರಿಗೆ ನಾವು ಸಲ್ಲಿಸಬೇಕಾದ ಗೌರವ ಎಂಬುದು ಆ ವರದಿ ಓದಿದ ಮೇಲೆ ನನ್ನಲ್ಲಿ ಗಟ್ಟಿಯಾದ ನಂಬಿಕೆ.

ಸಾಠೆ ಅವರದು ಸೈನಿಕರ ಮನೆತನ. ತಂದೆ ಸೇನೆಯ ನಿವೃತ್ತ ಅಧಿಕಾರಿ, ತಂದೆ ತಾಯಿ ಇಬ್ಬರೂ ನಾಗಪುರದಲ್ಲಿದ್ದರು. ಸೇನೆಗೆ ಸೇರಿದ್ದ ಇನ್ನೊಬ್ಬ ಮಗನನ್ನು ಅವರು ಬಹಳ ಹಿಂದೆಯೇ ಕಳೆದುಕೊಂಡಿದ್ದರು. ದೀಪಕ್ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ 58ನೇ ತಂಡದವರು. 1981ರ ಜೂನ್‌ನಲ್ಲಿ ವಾಯುಪಡೆ ಅಕಾಡೆಮಿಯಿಂದ ಹೊರಬರುವಾಗ ಸ್ವೋರ್ಡ್ ಆಫ್ ಆನರ್ ಅವರ ಕೈಯಲ್ಲಿತ್ತು. ತರಬೇತಿಯ ತಂಡದಲ್ಲಿ ಎಲ್ಲರಿಗಿಂತ ಮುಂದಿದ್ದ ಒಬ್ಬನಿಗೆ ಮಾತ್ರ ಸಿಗುವ ಖಡ್ಗ ಅದು. ಯುದ್ಧವಿಮಾನದ ಪೈಲಟ್ ಆಗಿ 17ನೇ ಸ್ಕ್ವಾಡ್ರನ್ ‘ಗೋಲ್ಡನ್ ಆ್ಯರೋಸ್’ನಲ್ಲಿ ಹಾರಿದರು, ಕಿರಿಯರಿಗೆ ಹಾರುವುದನ್ನು ಕಲಿಸಿದರು, ಪರೀಕ್ಷಾ ಪೈಲಟ್ ಆದರು. ಎಚ್‌ಎಎಲ್‌ನ ವಿಮಾನಗಳನ್ನೂ ಪರೀಕ್ಷಿಸಿದರು. ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ಸುತ್ತ ಬೆಳೆದವರಿಗೆ ಪರೀಕ್ಷಾ ಪೈಲಟ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರ ಎಲ್ಲಿ ಕೈಕೊಡುತ್ತದೆ ಎಂದು ನೋಡಲು ಬೇಕೆಂದೇ ಅದರ ಅಂಚಿನವರೆಗೆ ಹೋಗಿ ಬರುವ ಕೆಲಸ ಅದು. ಎದೆಗಾರಿಕೆ ಇದ್ದರಷ್ಟೇ ಸಾಲದು, ಅಳೆದು ತೂಗುವ ಬುದ್ಧಿಯೂ ಬೇಕು.

ವಾಯುಪಡೆಯಲ್ಲಿದ್ದಾಗ ಒಮ್ಮೆ ಅಪಘಾತಕ್ಕೆ ಸಿಕ್ಕಿ ತಲೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು, ಇನ್ನು ಹಾರಲಾರರು ಎಂದುಕೊಂಡವರ ನಡುವೆಯೇ ಮತ್ತೆ ಕಾಕ್‌ಪಿಟ್ ಏರಿದರು ಎಂದು ಹತ್ತಿರದವರು ನೆನೆದಿದ್ದಾರೆ. 2003ರಲ್ಲಿ ವಿಂಗ್ ಕಮಾಂಡರ್ ಆಗಿ ನಿವೃತ್ತರಾದರು. ಬಳಿಕ ಏರ್ ಇಂಡಿಯಾ, ಆಮೇಲೆ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಹತ್ತು ಸಾವಿರ ಗಂಟೆಗೂ ಮಿಕ್ಕಿದ ಹಾರಾಟದ ಅನುಭವ. ಕೋಝಿಕ್ಕೋಡ್ ರನ್‌ವೇಯ ಮೇಲೆ ಅವರು ಅದಕ್ಕೆ ಮೊದಲು 27 ಸಲ ಇಳಿದಿದ್ದರು ಎಂದು ಆಗಿನ ನಾಗರಿಕ ವಿಮಾನಯಾನ ಸಚಿವರೇ ಹೇಳಿದ್ದರು. ಅದು ಅವರಿಗೆ ಹೊಸ ಜಾಗವೇನಲ್ಲ.

2020ರ ಆಗಸ್ಟ್ 7, ಶುಕ್ರವಾರ. ನಮ್ಮ ಕರಾವಳಿಯಲ್ಲಿ ಆಟಿ ತಿಂಗಳು, ಮಲಬಾರಿನಲ್ಲಿ ಕರ್ಕಟಕ. ಮಳೆ ಯಾವ ಬಗೆಯದಿತ್ತೆಂದರೆ, ಹಿಂದಿನ ರಾತ್ರಿಯಷ್ಟೇ ಮುನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರ ಸಾಲು ಮನೆಗಳೇ ಮಣ್ಣಿನಡಿ ಸೇರಿದ್ದವು. ಕೊರೋನಾ ಕಾಲ ಬೇರೆ. ಕೊಲ್ಲಿ ದೇಶಗಳಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ‘ವಂದೇ ಭಾರತ್’ ಕಾರ್ಯಾಚರಣೆಯ ಭಾಗವಾಗಿ ಸಾಠೆ ಮತ್ತು ಅವರ ಯುವ ಸಹ ಪೈಲಟ್ ಅಂದು ಕೋಝಿಕ್ಕೋಡ್‌ನಿಂದ ದುಬೈಗೆ ಹೋಗಿ, ಜನರನ್ನು ತುಂಬಿಕೊಂಡು ವಾಪಸಾಗುತ್ತಿದ್ದರು. ವಿಮಾನದ ಸಂಖ್ಯೆ ಐಎಕ್ಸ್ 1344. ಒಳಗೆ 190 ಜನ: ಕೆಲಸ ಕಳೆದುಕೊಂಡವರು, ವೀಸಾ ಮುಗಿದವರು, ಬಸುರಿಯರು, ಹತ್ತು ಹಸುಗೂಸುಗಳು.

ಕೋಝಿಕ್ಕೋಡ್ ವಿಮಾನ ನಿಲ್ದಾಣ ಇರುವುದು ಮಲಪ್ಪುರಂ ಜಿಲ್ಲೆಯ ಕರಿಪ್ಪೂರಿನಲ್ಲಿ. ನಮ್ಮ ಮಂಗಳೂರಿನ ಬಜ್ಪೆ ನಿಲ್ದಾಣದ ಹಾಗೆಯೇ ಗುಡ್ಡದ ನೆತ್ತಿ ಬೋಳಿಸಿ ಮಾಡಿದ ಜಾಗ. ಟೇಬಲ್‌ಟಾಪ್ ಎನ್ನುತ್ತಾರೆ, ಮೇಜಿನ ಮೇಲ್ಮೈಯ ಹಾಗೆ ನಡುವೆ ಸಮತಟ್ಟು, ಅಂಚು ದಾಟಿದರೆ ಕಂದರ. ರನ್‌ವೇಯ ಉದ್ದ 2,700 ಮೀಟರ್, ಪೈಲಟ್‌ಗಳ ಲೆಕ್ಕದಲ್ಲಿ 8,858 ಅಡಿ. ಒಂದೇ ಪಟ್ಟಿ, ಎರಡು ತುದಿ, ಎರಡು ಹೆಸರು. ಪಶ್ಚಿಮಕ್ಕೆ ಮುಖ ಮಾಡಿ ಇಳಿದರೆ ರನ್‌ವೇ 28, ಪೂರ್ವಕ್ಕೆ ಮುಖ ಮಾಡಿದರೆ ರನ್‌ವೇ 10. ಮುಂಗಾರು ಗಾಳಿ ಕಡಲಿನಿಂದ ಬೀಸುತ್ತದೆ. ಆದ್ದರಿಂದ ಮಳೆಗಾಲದಲ್ಲಿ 28ರಲ್ಲಿ ಇಳಿದರೆ ಎದುರುಗಾಳಿ ಸಿಗುತ್ತದೆ. ಎದುರುಗಾಳಿ ವಿಮಾನವನ್ನು ತಡೆಹಿಡಿಯುತ್ತದೆ, ಬೇಗ ನಿಲ್ಲಿಸುತ್ತದೆ. 10ರಲ್ಲಿ ಇಳಿದರೆ ಅದೇ ಗಾಳಿ ಬೆನ್ನಿಗೆ ಬಿದ್ದು ಮುಂದೆ ಮುಂದೆ ನೂಕುತ್ತದೆ.

ಸಾಠೆ ಮೊದಲು ಸರಿಯಾಗಿ 28ಕ್ಕೇ ಬಂದರು. ಮಳೆ ರಪರಪನೆ ಗಾಜಿಗೆ ಬಡಿಯುತ್ತಿತ್ತು. ಅವರ ಬದಿಯ ಗಾಜಿನ ವೈಪರ್ 27 ಸೆಕೆಂಡು ಓಡಿ ನಿಂತುಹೋಯಿತು. ರನ್‌ವೇ ಕಾಣದಾಯಿತು. ಅವರು ಇಳಿಯುವುದನ್ನು ಬಿಟ್ಟು ವಿಮಾನವನ್ನು ಮೇಲಕ್ಕೆ ಎತ್ತಿದರು. ಇದಕ್ಕೆ ‘ಗೋ ಅರೌಂಡ್’ ಎನ್ನುತ್ತಾರೆ. ಎಂಜಿನ್‌ಗೆ ಪೂರ್ಣ ಬಲ ಕೊಟ್ಟು, ಚಕ್ರ ಒಳಗೆಳೆದುಕೊಂಡು ಮತ್ತೆ ಆಕಾಶಕ್ಕೆ. ನಾಚಿಕೆಯ ಸಂಗತಿಯಲ್ಲ, ಸೋಲೂ ಅಲ್ಲ. ಆ ಸಂಜೆ ಕಾಕ್‌ಪಿಟ್‌ನಲ್ಲಿ ತೆಗೆದುಕೊಂಡ ಅತ್ಯುತ್ತಮ ನಿರ್ಧಾರ ಅದು. ವಾಟ್ಸ್‌ಆ್ಯಪ್ ಕಥೆ ಕಟ್ಟಿದವರು ಹೊಗಳಬೇಕಿದ್ದುದು ಅದನ್ನು.

ಅಷ್ಟರಲ್ಲಿ ಇನ್ನೊಂದು ವಿಮಾನ ರನ್‌ವೇ 10ರಿಂದ ಹೊರಟಿತು. ಕಂಟ್ರೋಲ್ ಟವರ್ ಇವರಿಗೂ 10 ಆಗಬಹುದೇ ಎಂದು ಕೇಳಿತು, ಇವರು ಒಪ್ಪಿದರು. ಈಗ ಗಾಳಿ ಬೆನ್ನಿಗೆ ಬಿತ್ತು. ಕೊನೆಯ ಹಂತದಲ್ಲಿ ವಿಮಾನ ಇಳಿಯುವ ವೇಗ ಮಿತಿ ಮೀರಿತು, ಸಹ ಪೈಲಟ್ ಅದನ್ನು ಹೇಳಿದರು. ಎಂಜಿನ್‌ಗೆ ಬಲ ಸೇರಿತು. ವಿಮಾನ ನೆಲ ಮುಟ್ಟದೆ ರನ್‌ವೇಯ ಮೇಲೆಯೇ ತೇಲುತ್ತಾ ಹೋಯಿತು.

ಇಲ್ಲಿ ಒಂದು ನಿಯಮ ತಿಳಿದುಕೊಳ್ಳಬೇಕು. ಇಳಿಯುವ ವಿಮಾನದ ಚಕ್ರ ರನ್‌ವೇಯ ಮೊದಲ ಮೂರನೇ ಒಂದು ಭಾಗದಲ್ಲಿ, ಹೆಚ್ಚೆಂದರೆ 3,000 ಅಡಿಯೊಳಗೆ ನೆಲ ಮುಟ್ಟಬೇಕು. ಮುಟ್ಟಲಿಲ್ಲವೆಂದರೆ ಯೋಚಿಸುತ್ತಾ ಕೂರುವಂತಿಲ್ಲ, ಮೇಲೇರಬೇಕು. ಹಾಗೆಯೇ ಒಂದು ನಿರ್ದಿಷ್ಟ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ದಿಕ್ಕು, ಇಳಿಜಾರು ಎಲ್ಲ ಹದಕ್ಕೆ ಬಂದಿರಬೇಕು. ಬಂದಿಲ್ಲವೆಂದರೆ ಆಗಲೂ ಮೇಲೇರಬೇಕು. ಸಾಠೆ ಅವರಿಗೆ ಈ ನಿಯಮ ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಅವರು ಅದನ್ನು ಇತರರಿಗೆ ಕಲಿಸಬಲ್ಲವರಾಗಿದ್ದರು.

ಸಹ ಪೈಲಟ್ ಮೊದಲು ಅಳುಕುತ್ತಾ, ನಿಗದಿತವಲ್ಲದ ಮಾತಿನಲ್ಲಿ ಗಮನ ಸೆಳೆಯಲು ನೋಡಿದರು. ಆಮೇಲೆ ‘ಗೋ ಅರೌಂಡ್’ ಎಂದೇ ಹೇಳಿದರು. ಚಕ್ರ ನೆಲ ಮುಟ್ಟಿದಾಗ ರನ್‌ವೇಯ 4,438 ಅಡಿ ಹಿಂದೆ ಸರಿದಿತ್ತು. ಉಳಿದದ್ದು 4,420 ಅಡಿ, ಅರ್ಧಕ್ಕೂ ಕಡಿಮೆ. ನೆಲವೆಲ್ಲ ಒದ್ದೆ, ಹಿಂಗಾಳಿ ಸುಮಾರು 14 ನಾಟ್, ಅಂದರೆ ಗಂಟೆಗೆ 26 ಕಿಲೋಮೀಟರ್. ಬ್ರೇಕ್ ಒತ್ತಿದರು, ಸಾಲಲಿಲ್ಲ. ವಿಮಾನ ರನ್‌ವೇ ಮುಗಿಸಿ, ಅದರಾಚೆ ಸುರಕ್ಷತೆಗೆಂದು ಬಿಟ್ಟಿದ್ದ ಜಾಗವನ್ನೂ ದಾಟಿ, ಸುಮಾರು 110 ಅಡಿ ಕೆಳಗೆ ಬಿತ್ತು. ಮೂರು ತುಂಡಾಯಿತು. ಮುಂಭಾಗ ನಜ್ಜುಗುಜ್ಜಾಯಿತು. ಇಬ್ಬರೂ ಪೈಲಟ್‌ಗಳು ಮತ್ತು 19 ಪ್ರಯಾಣಿಕರು ಪ್ರಾಣ ಬಿಟ್ಟರು. ಇಂಧನ ಸೋರಿದರೂ ಬೆಂಕಿ ಹತ್ತದ್ದರಿಂದ 169 ಜನ ಉಳಿದರು.

ಮೊದಲು ಓಡಿ ಬಂದವರು ಕೊಂಡೋಟಿ ಸುತ್ತಲಿನ ಊರವರು. ಅದು ಆಗ ಕೊರೋನಾ ನಿರ್ಬಂಧದ ಪ್ರದೇಶ. ವಿಮಾನದಲ್ಲಿದ್ದವರು ಯಾವ ದೇಶದಿಂದ ಬಂದವರು, ಯಾರಿಗೆ ಸೋಂಕಿದೆ ಎಂದು ಅವರು ಕೇಳಲಿಲ್ಲ. ಮಳೆಯಲ್ಲಿ, ಕತ್ತಲೆಯಲ್ಲಿ, ಮಕ್ಕಳನ್ನು ಎದೆಗವಚಿಕೊಂಡು ತಮ್ಮ ಕಾರು, ಆಟೊಗಳಲ್ಲಿ ಆಸ್ಪತ್ರೆಗೆ ಸಾಗಿಸಿದರು. ನಡುರಾತ್ರಿ ರಕ್ತ ಕೊಡಲು ಸಾಲು ನಿಂತರು. ಆಮೇಲೆ ತಾವೇ ಕ್ವಾರಂಟೈನ್‌ಗೆ ಹೋದರು. ಆ ರಾತ್ರಿಯ ವೀರರನ್ನು ಹುಡುಕುವವರು ಅಲ್ಲಿ ಹುಡುಕಬೇಕು.

ಇದನ್ನೆಲ್ಲ ಓದುವಾಗ ನಮ್ಮೂರ ಕಡೆಯವರಿಗೆ ಎದೆ ಝಲ್ಲೆನ್ನದೆ ಇರುವುದಿಲ್ಲ. ಇದೇ ಕಥೆಯನ್ನು ನಾವು ಹತ್ತು ವರ್ಷ ಮೊದಲೇ ಕಂಡಿದ್ದೆವು. 2010ರ ಮೇ 22ರ ಮುಂಜಾನೆ, ಅದೇ ಕಂಪನಿ, ಅದೇ ಬಗೆಯ ವಿಮಾನ, ಅದೇ ದುಬೈನಿಂದ. ಮಂಗಳೂರಿನ ಟೇಬಲ್‌ಟಾಪ್ ರನ್‌ವೇಯ ಉದ್ದ 8,033 ಅಡಿ, ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿಯಲ್ಲಿ. ವಿಮಾನ ಕೆಂಜಾರಿನ ಕಂದರಕ್ಕೆ ಉರುಳಿ ಹೊತ್ತಿ ಉರಿಯಿತು. 166 ಜನರಲ್ಲಿ ಉಳಿದವರು ಎಂಟು ಮಂದಿ. ಗುರುತೇ ಸಿಗದ 12 ದೇಹಗಳನ್ನು ಒಟ್ಟಿಗೆ ಮಣ್ಣು ಮಾಡಬೇಕಾಯಿತು. ಕೂಳೂರು ಸೇತುವೆಯ ಬಳಿಯಿಂದ ತಣ್ಣೀರುಬಾವಿಗೆ ಹೋಗುವ ದಾರಿಯಲ್ಲಿ, ಫಲ್ಗುಣಿ ನದಿಯ ದಡದಲ್ಲಿ, ಅವರೆಲ್ಲರ ನೆನಪಿನ ಉದ್ಯಾನವಿದೆ.

ಅಲ್ಲಿಯೂ ಕ್ಯಾಪ್ಟನ್ ಅನುಭವಿ, ಹತ್ತು ಸಾವಿರ ಗಂಟೆ ಹಾರಿದವರು. ದಾರಿಯಲ್ಲಿ ಒಂದು ಗಂಟೆ ನಲವತ್ತು ನಿಮಿಷ ಕುಳಿತಲ್ಲೇ ನಿದ್ದೆ ಹೋಗಿದ್ದರು. ಎದ್ದ ಮೇಲೆ ಮಂಪರು ಪೂರ್ತಿ ಇಳಿದಿರಲಿಲ್ಲ. ಎತ್ತರ ಹೆಚ್ಚಾಗಿತ್ತು, ವೇಗ ಹೆಚ್ಚಾಗಿತ್ತು. ಸಹ ಪೈಲಟ್ ‘ಗೋ ಅರೌಂಡ್’ ಎಂದು ಮೂರು ಸಲ ಹೇಳಿದರು. ಮೂರು ಸಲ! ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಆ ದುರಂತದ ತನಿಖೆಯ ನೇತೃತ್ವ ವಹಿಸಿದ್ದವರು ನಿವೃತ್ತ ಏರ್ ಮಾರ್ಷಲ್ ಭೂಷಣ್ ಗೋಖಲೆ. ಹತ್ತು ವರ್ಷ ಕಳೆದು ಸಾಠೆ ತೀರಿಕೊಂಡಾಗ, ಅವರು ಎಂಥ ಒಳ್ಳೆಯ ಯುದ್ಧವಿಮಾನ ಪೈಲಟ್ ಆಗಿದ್ದರು, ಎಷ್ಟು ಚೆನ್ನಾಗಿ ಸ್ಕ್ವಾಷ್ ಆಡುತ್ತಿದ್ದರು ಎಂದು ಮಾಧ್ಯಮದವರ ಮುಂದೆ ನೆನೆದವರೂ ಅದೇ ಗೋಖಲೆ. ಒಂದು ಅಪಘಾತದ ಪಾಠ ಬರೆದುಕೊಟ್ಟ ಹಿರಿಯರು ಅಂಥದ್ದೇ ಇನ್ನೊಂದರಲ್ಲಿ ತಮ್ಮ ಪರಿಚಯದ ಹುಡುಗನನ್ನು ಕಳೆದುಕೊಂಡರು.

ಬಲಗಡೆ ಕೂತ ಕಿರಿಯ ಪೈಲಟ್‌ಗೆ ಅಪಾಯ ಕಾಣುತ್ತದೆ, ಹೇಳುತ್ತಾನೆ, ಆದರೂ ವಿಮಾನ ಇಳಿಯುತ್ತದೆ. ಇದು ಯಾಕೆ ಹೀಗೆ? ಇದು ನಮ್ಮ ದೇಶದ ರೋಗವೆಂದು ತಿಳಿಯಬೇಡಿ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ಮಂಜಿನಲ್ಲಿ ರನ್‌ವೇಯ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ಅಪ್ಪಣೆ ಸಿಗುವ ಮೊದಲೇ ವಿಮಾನ ಓಡಿಸಿದ ಡಚ್ ಕ್ಯಾಪ್ಟನ್ ವೆಲ್ಡ್‌ಹೌಜೆನ್ ವಾನ್ ಝಾಂಟೆನ್ ತಮ್ಮ ಕಂಪನಿ ಕೆಎಲ್‌ಎಂನಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದವರು, ಅದರ ಜಾಹೀರಾತಿನಲ್ಲಿ ಮುಖ ಕಾಣಿಸಿಕೊಂಡವರು. ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಅವರ ಫ್ಲೈಟ್ ಎಂಜಿನಿಯರ್ ಸಂಶಯದಿಂದ ಕೇಳಿದ್ದರು. ಬಿಟ್ಟಿದೆ ಎಂದು ಒತ್ತಿ ಹೇಳಿ ಕ್ಯಾಪ್ಟನ್ ಮುಂದುವರಿದರು. ಕೇಳಿದವರು ಮತ್ತೆ ಬಾಯಿ ಬಿಡಲಿಲ್ಲ.

ಅಲ್ಲಿ ಇನ್ನೊಂದು ಎಳೆಯಿದೆ. ಆ ದಿನ ವಾನ್ ಝಾಂಟೆನ್ ಅವರ ತಂಡದ ಕರ್ತವ್ಯದ ಅವಧಿ ಮುಗಿಯುತ್ತಾ ಬಂದಿತ್ತು. ಇನ್ನೂ ತಡವಾದರೆ ನಿಯಮದ ಪ್ರಕಾರ ಹಾರುವಂತಿರಲಿಲ್ಲ. ಸಾಠೆ ಅವರ ತಲೆಯಲ್ಲೂ ಇಂಥದ್ದೇ ಲೆಕ್ಕ ಓಡುತ್ತಿತ್ತೆಂದು ಎಎಐಬಿ ವರದಿ ಹೇಳುತ್ತದೆ. ಮರುದಿನ ಬೆಳಿಗ್ಗೆ ಕೋಝಿಕ್ಕೋಡ್‌ನಿಂದ ಹೊರಡಬೇಕಿದ್ದ ವಿಮಾನಕ್ಕೂ ಅವರೇ ಕ್ಯಾಪ್ಟನ್. ಬೇರೆ ಊರಿಗೆ ವಿಮಾನ ತಿರುಗಿಸಿದರೆ ಹೊತ್ತಾಗುತ್ತದೆ, ಕಡ್ಡಾಯ ವಿಶ್ರಾಂತಿಯ ಗಂಟೆಗಳು ಮುಗಿಯುವುದಿಲ್ಲ, ಬೆಳಗಿನ ವಿಮಾನ ನಿಲ್ಲುತ್ತದೆ. ಅವರ ಬದಲಿಗೆ ಹೋಗಲು ಇನ್ನೊಬ್ಬರಿರಲಿಲ್ಲವೇ? ಕೋಝಿಕ್ಕೋಡ್ ನೆಲೆಗೆ ಕಂಪನಿ ನಿಯೋಜಿಸಿದ್ದ ಸಹ ಪೈಲಟ್‌ಗಳು 26, ಕ್ಯಾಪ್ಟನ್ ಒಬ್ಬರೇ. ವರದಿಯ ಈ ಸಾಲನ್ನು ನಾನು ಎರಡು ಸಲ ಓದಿದೆ. ಬೇರೆ ನಿಲ್ದಾಣಕ್ಕೆ ಹೋಗುವಷ್ಟು ಇಂಧನ ಟ್ಯಾಂಕಿನಲ್ಲಿತ್ತು, ಹೋಗುವಷ್ಟು ಅವಕಾಶ ವೇಳಾಪಟ್ಟಿಯಲ್ಲಿರಲಿಲ್ಲ.

ವರದಿಯಲ್ಲಿ ನೋವಾಗುವ ಇನ್ನೊಂದು ಮಾತಿದೆ. ಸಾಠೆ ಅವರಿಗೆ ಮಧುಮೇಹವಿತ್ತು. ವೈದ್ಯರು ಬರೆದುಕೊಡದ ಬೇರೆ ಬೇರೆ ಮಾತ್ರೆಗಳನ್ನೂ ಅವರು ತೆಗೆದುಕೊಳ್ಳುತ್ತಿದ್ದರು, ಅದರಿಂದ ರಕ್ತದ ಸಕ್ಕರೆ ಸ್ವಲ್ಪ ಇಳಿದು ನಿರ್ಧಾರ ಶಕ್ತಿ ಮಂಕಾಗಿದ್ದಿರಬಹುದು ಎಂದು ತನಿಖೆ ಹೇಳುತ್ತದೆ. ಸತ್ತವರ ಮಾತ್ರೆ ಎಣಿಸುವುದು ಯಾರಿಗೂ ಹಿತವಲ್ಲ. ಆದರೆ ಪೈಲಟ್ ಒಬ್ಬರ ಅನ್ನ ಅವರ ವೈದ್ಯಕೀಯ ಪ್ರಮಾಣಪತ್ರದ ಮೇಲೆ ನಿಂತಿರುತ್ತದೆ. ಕಾಯಿಲೆ ಹೇಳಿಕೊಂಡರೆ ಕೆಲಸಕ್ಕೆ ಕುತ್ತು ಎಂಬ ಭಯ ಇರುವವರೆಗೆ ಜನ ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡವರಿಗೆ ದಾರಿ ತೋರಿಸುವ ಹೊಣೆ ಕಂಪನಿಗಳ ಮತ್ತು ಸರ್ಕಾರದ ಮೇಲಿದೆ.

ಹಾಗಾದರೆ ತಪ್ಪು ಯಾರದು? ವರದಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಿಲ್ಲ. ಹದಕ್ಕೆ ಬಾರದ ಇಳಿತವನ್ನು ಮುಂದುವರಿಸಿದ್ದು, ಗಡಿ ದಾಟಿ ಇಳಿಸಿದ್ದು, ‘ಗೋ ಅರೌಂಡ್’ ಎಂದರೂ ಮೇಲೇರದಿದ್ದುದು ಸಂಭವನೀಯ ಕಾರಣ ಎನ್ನುತ್ತದೆ. ಸಹ ಪೈಲಟ್ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳದಿದ್ದುದನ್ನೂ ಹೇಳುತ್ತದೆ. ನಿಯಮ ಅವರಿಗೆ ಆ ಅಧಿಕಾರ ಕೊಟ್ಟಿತ್ತು. ಆದರೆ ಮೂವತ್ತರ ಆಸುಪಾಸಿನ ಒಬ್ಬ ಹುಡುಗ, ಸ್ವೋರ್ಡ್ ಆಫ್ ಆನರ್ ಪಡೆದ, ತಂದೆಯ ವಯಸ್ಸಿನ ಹಿರಿಯರ ಕೈಯಿಂದ ಕ್ಷಣಾರ್ಧದಲ್ಲಿ ವಿಮಾನ ಕಸಿದುಕೊಳ್ಳುವುದನ್ನು ಊಹಿಸಿ ನೋಡಿ. ನಮ್ಮ ಮನೆಗಳಲ್ಲಿ ಹಿರಿಯರು ಮಾತಾಡುವಾಗ ಎದುರಾಡಬಾರದೆಂದು ಕಲಿಸುತ್ತೇವೆ, ಶಾಲೆಯಲ್ಲಿ ಕಲಿಸುತ್ತೇವೆ, ಕಚೇರಿಯಲ್ಲಿ ಕಲಿಸುತ್ತೇವೆ. ಇಪ್ಪತ್ತೈದು ವರ್ಷ ಹಾಗೆ ಬೆಳೆದವರು ಕಾಕ್‌ಪಿಟ್‌ನ ಬಾಗಿಲು ಹಾಕಿದ ಕೂಡಲೇ ಬದಲಾಗುವುದಿಲ್ಲ.

ಟೆನೆರಿಫ್‌ನಂಥ ದುರಂತಗಳ ನಂತರ ಜಗತ್ತು ಇದಕ್ಕೊಂದು ಶಿಕ್ಷಣವನ್ನೇ ರೂಪಿಸಿತು. ‘ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂದು ಅದರ ಹೆಸರು. ಅದರ ತಿರುಳು ಎರಡೇ ಮಾತು: ಕಿರಿಯರು ಸಂಕೋಚವಿಲ್ಲದೆ ಹೇಳಬೇಕು, ಹಿರಿಯರು ಕಿವಿಗೆ ಹಾಕಿಕೊಳ್ಳಬೇಕು. ಎರಡನೆಯದೇ ಕಷ್ಟ. ಅನುಭವ ಹೆಚ್ಚಿದಷ್ಟೂ ಮನಸ್ಸು ‘ಇಂಥದ್ದು ಎಷ್ಟೋ ಸಲ ಮಾಡಿದ್ದೇನೆ, ಇದೂ ಆಗುತ್ತದೆ’ ಎನ್ನುತ್ತದೆ. ಸಾಠೆ ಅವರಿಗೆ 27 ಸಲ ಆಗಿತ್ತು. ಒಬ್ಬ ಶ್ರೇಷ್ಠ ಪೈಲಟ್ ಒಂದು ಸಂಜೆ ತಪ್ಪು ಮಾಡಬಲ್ಲರು. ಆ ಒಂದು ತಪ್ಪಿನಿಂದ ಅವರ ನಲವತ್ತು ವರ್ಷ ಸುಳ್ಳಾಗುವುದಿಲ್ಲ, ಆ ನಲವತ್ತು ವರ್ಷಗಳಿಂದ ತಪ್ಪು ಮಾಯವಾಗುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವ ಮನಸ್ಸು ನಮಗೆ ಬರಬೇಕು. ಅವರು ತೀರಿಕೊಂಡ ಮರುದಿನ ನಾಗಪುರದಲ್ಲಿ ಅವರ ತಾಯಿಯ ಹುಟ್ಟುಹಬ್ಬವಿತ್ತು.

ಇನ್ನು ನಮ್ಮ ಪಾಲಿನ ಮಾತು. ಒಂದು ಜುಲೈ ತಿಂಗಳಲ್ಲಿ ನಾನು ಬೆಂಗಳೂರಿನಿಂದ ಮಂಗಳೂರಿಗೆ ಬರುತ್ತಿದ್ದೆ. ಕಿಟಕಿಯಾಚೆ ಬರೀ ಹತ್ತಿಯಂಥ ಬಿಳುಪು. ತೆಂಗಿನ ತೋಟ ಕಂಡಿತು, ಹಂಚಿನ ಮಾಡು ಕಂಡಿತು, ಇನ್ನೇನು ನೆಲ ಬಂತು ಎನ್ನುವಾಗ ಎಂಜಿನ್ ಒಮ್ಮೆಲೇ ಗುಡುಗಿ ವಿಮಾನ ಮೇಲಕ್ಕೆ ಎದ್ದಿತು. ಬೆನ್ನು ಸೀಟಿಗೆ ಅಂಟಿಕೊಂಡಿತು. ಪಕ್ಕದ ಅಜ್ಜಿ ‘ದೇವರೇ’ ಎಂದು ನನ್ನ ಕೈ ಹಿಡಿದುಕೊಂಡರು. ಹಿಂದಿನ ಸಾಲಿನಿಂದ ಗೊಣಗಾಟ ಶುರುವಾಯಿತು: ಇಳಿಸಲು ಬರುವುದಿಲ್ಲವೇ ಇವನಿಗೆ, ನಮಗೆ ಮುಹೂರ್ತಕ್ಕೆ ಹೊತ್ತಾಯಿತು. ಅರ್ಧ ಗಂಟೆ ಸುತ್ತಿ ಎರಡನೇ ಸಲ ಇಳಿದಾಗಲೂ ಆ ಗೊಣಗಾಟ ನಿಂತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪೈಲಟ್‌ಗೆ ಒಬ್ಬರೂ ಥ್ಯಾಂಕ್ಸ್ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆಗ ಈ ವರದಿ ಓದಿರಲಿಲ್ಲ.

ಬಜ್ಪೆಯಲ್ಲಿ ಮುಂದಿನ ಆಟಿಯಲ್ಲೂ ಮಳೆ ಬರುತ್ತದೆ, ಮಂಜು ಕವಿಯುತ್ತದೆ, ಯಾವುದೋ ವಿಮಾನ ಇಳಿಯುವಂತೆ ಬಂದು ಮೇಲೇರುತ್ತದೆ. ನೀವು ಅದರೊಳಗಿದ್ದರೆ ದಯವಿಟ್ಟು ಗೊಣಗಬೇಡಿ. ಪಕ್ಕದವರು ಗೊಣಗಿದರೆ ಕರಿಪ್ಪೂರಿನ ಲೆಕ್ಕ ಹೇಳಿ: ಇದ್ದದ್ದು 8,858 ಅಡಿ, ಚಕ್ರ ನೆಲ ಮುಟ್ಟಿದ್ದು 4,438ರಲ್ಲಿ. ಇಳಿದ ಮೇಲೆ ಬಾಗಿಲ ಬಳಿ ಒಂದು ಕ್ಷಣ ನಿಂತು ಇಬ್ಬರು ಪೈಲಟ್‌ಗಳಿಗೂ ಥ್ಯಾಂಕ್ಸ್ ಹೇಳಿ ಬನ್ನಿ, ಬಲಗಡೆ ಕೂತಿದ್ದ ಕಿರಿಯರಿಗೆ ಮರೆಯದೆ.